ಅತ್ತೆ ಕಲಿಸಿದ ಗುಂಡು ಹೆಣಿಗೆ

ಮನೆ, ಊಟದ ಮೇಜು
ಗುರುವಾರ, ಫೆಬ್ರವರಿ ೧೨

ಪ್ರೀತಿಯ ಅಳತೆಗೋಲಮ್ಮನಿಗೆ,

ಹೇಗಿದ್ದೀಯಮ್ಮಾ? ಕೆಮ್ಮು ಪೂರ್ತಿ ಹೋಯಿತೇ, ಇಲ್ಲ ಹೋಯಿತು ಎಂದು ನನಗೆ ಬರೆದು ಅಲ್ಲಿ ಕೆಮ್ಮುತ್ತಲೇ ಇದ್ದೀಯೋ? ಸುರಂಗದೊಳಗೆ ಅಳತೆಗೆ ಇಳಿಯುವಾಗ ಮಾಸ್ಕ್ ಹಾಕಿಕೊಂಡೇ ಹೋಗು. ಜೊತೆಯವರು ಆಡಿಕೊಳ್ಳುತ್ತಾರೆಂದು ತೆಗೆದು ಜೇಬಿಗೆ ತುರುಕಬೇಡ. ನೌಕರಿ ಪೂರ್ತಿ ಲಿಫ್ಟಿನ ಬಾವಿಯೊಳಗೆ ನಿಂತು ದೂಳು ಕುಡಿದವನ ಮಾತಿದು, ಸ್ವಲ್ಪ ಬೆಲೆ ಕೊಡು. ಬೂಟಿನ ಅಟ್ಟೆ ಹಾಕಿಸಿದೆಯಾ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು, ಪತ್ರದ ಮೊದಲ ಸಾಲಿನಲ್ಲಿ ‘ಐ ಯಾಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ದಿ ಸೇಮ್ ಫ್ರಮ್ ಯು’ ಎಂದು ಬರೆಯದವನಿಗೆ ಸೊನ್ನೆ ಸುತ್ತುತ್ತಿದ್ದರು. ಎರಡನೇ ವರ್ಷಕ್ಕೇ ಪುಸ್ತಕ ಕಟ್ಟಿಟ್ಟು ಲಿಫ್ಟ್ ಮೆಕ್ಯಾನಿಕ್ ಆದವನ ತಲೆಯಲ್ಲಿ ಅಂಥ ತುಂಡುಗಳು ಈಗಲೂ ಅಲ್ಲಲ್ಲಿ ನೇತಾಡುತ್ತಿವೆ. ಉಪಯೋಗ ಏನೂ ಇಲ್ಲ, ಬಿಸಾಡುವುದಕ್ಕೂ ಮನಸ್ಸಿಲ್ಲ. ಅಜ್ಜಿಯೂ ಚೆನ್ನಾಗಿದ್ದಾರೆ. ಮೊಣಕಾಲು ಬೆಳಿಗ್ಗೆ ಹೊತ್ತು ಮುಷ್ಕರ ಹೂಡುತ್ತದೆ, ಬಿಸಿಲು ಬಂದ ಮೇಲೆ ರಾಜಿಯಾಗುತ್ತದೆ. ಈಗ ಸ್ನಾನಕ್ಕೆ ಹೋಗಿದ್ದಾರೆ. ಅವರು ಹೊರಗೆ ಬರುವಷ್ಟರಲ್ಲಿ ಆದಷ್ಟು ಬರೆದುಬಿಡಬೇಕು. ಭಾನುವಾರ ನೀನು ಫೋನ್ ಮಾಡಿದಾಗ ಹೇಳೋಣವೆಂದರೆ ಅವರು ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಮೊಮ್ಮಗಳ ಉಸಿರೂ ಕೇಳಬೇಕು ಅವರಿಗೆ.

ಹೋದ ಪತ್ರದಲ್ಲಿ ನೀನು ಒಂದೇ ಮಾತು ಕೇಳಿದ್ದೆ: ಅಜ್ಜಿ ಇರ್ತಾರಾ, ಮಾಮನ ಮನೆಗೆ ಹೋಗ್ತಾರಾ ಎಂದು. ನಾನು ಉತ್ತರದಲ್ಲಿ ನಲ್ಲಿ ರಿಪೇರಿ, ಹವಾಮಾನ, ಮೇಲಿನ ಮನೆಯವರ ಬೆಕ್ಕು ಎಲ್ಲ ಬರೆದು ಅದೊಂದನ್ನು ಬಿಟ್ಟಿದ್ದೆ. ಬರೆಯಲು ಭಯವಾಗಿತ್ತಮ್ಮ. ಈಗ ಬರೆಯುತ್ತೇನೆ. ಸ್ವಲ್ಪ ಉದ್ದವಾದೀತು, ತಾಳ್ಮೆ ಇರಲಿ.

ನಿಮ್ಮಮ್ಮ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಬಂದವರು ಅಜ್ಜಿ. ನಿಮ್ಮಮ್ಮ ಹೋದ ಮೇಲೆ ಇಂದು ಹೊರಡುತ್ತೇನೆ, ನಾಳೆ ಹೊರಡುತ್ತೇನೆ ಎನ್ನುತ್ತ ಇದು ಎರಡನೇ ಚಳಿಗಾಲ. ನಿನ್ನ ಮಾಮ ಕೆಟ್ಟವನಲ್ಲ. ಅಮ್ಮನಿಗೆಂದು ಕೋಣೆಗೆ ಬಣ್ಣ ಹೊಡೆಸಿದ್ದಾನೆ, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದ್ದಾನೆ, ಆ ಹಿಡಿಕೆಯ ಫೋಟೋ ತೆಗೆದು ನನಗೂ ಕಳಿಸಿದ್ದ. ಗಟ್ಟಿ ಹಿಡಿಕೆ, ಸ್ಕ್ರೂ ಎಲ್ಲ ನೆಟ್ಟಗಿದೆ, ದೂರಲು ಏನೂ ಸಿಗಲಿಲ್ಲ. ಹೆತ್ತ ಮಗ ಅಷ್ಟು ಆಸೆಯಿಂದ ಕರೆಯುವಾಗ ‘ಇಲ್ಲೇ ಇರಿ ಅತ್ತೆ’ ಎಂದು ಹೇಳುವುದಕ್ಕೆ ನಾನು ಯಾರು? ನಡುವೆ ಇದ್ದ ಕೊಂಡಿಯೇ ಕಳಚಿಕೊಂಡು ಹೋಗಿದೆ. ಹಾಗೆಂದು ‘ಹೋಗಿಬನ್ನಿ’ ಎನ್ನಲೂ ನಾಲಿಗೆ ಏಳುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ‘ಅಳಿಯಂದ್ರೇ, ಗ್ಯಾಸ್ ಆರಿಸಿದ್ರಾ? ಟವೆಲ್ ಯಾಕೆ ಕುರ್ಚಿ ಮೇಲೆ ಬಿದ್ದಿದೆ? ರೇಡಿಯೋ ಯಾರಿಗೆ ಕೇಳಿಸ್ಲಿ ಅಂತ ಇಷ್ಟು ಜೋರು?’ ಎಂದು ಬೈಯುವವರು ಮನೆಯಲ್ಲಿ ಒಬ್ಬರಿದ್ದರೆ ಆ ದಿನಕ್ಕೆ ಒಂದು ಬುಡ ಇರುತ್ತದೆ. ಇಷ್ಟು ನಿನಗೆ ಹೇಳಬಲ್ಲೆ. ಅವರ ಮುಖ ನೋಡಿಕೊಂಡು ಹೇಳಲಾರೆ.

ಮಳೆಗಾಲದ ಕೊನೆಯಲ್ಲಿ ಒಂದು ಘಟನೆ ಆಯಿತು, ನಿನಗೆ ಹೇಳಿರಲಿಲ್ಲ. ಸಂಜೆಯ ಹೊತ್ತು ನಾನು ದೊಡ್ಡ ಅಂಗಡಿಯ ಕಟ್ಟಡಕ್ಕೆ ಹೋಗಿ ಸುಮ್ಮನೆ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದೆ. ಕೊಳ್ಳುವುದು ಏನೂ ಇಲ್ಲ. ಹಗ್ಗದ ಸದ್ದು ಕೇಳುವುದು, ಎರಡನೇ ಮಹಡಿಯಲ್ಲಿ ಬಾಗಿಲು ತಡವಾಗಿ ಮುಚ್ಚುತ್ತದೆಯಲ್ಲ ಎಂದು ಯೋಚಿಸುವುದು, ಅಷ್ಟೇ. ಅಲ್ಲಿನ ವಾಚ್‌ಮನ್ ಕೆಲವು ದಿನ ನೋಡಿ, ಇವರಿಗೆ ತಲೆ ಸರಿ ಇಲ್ಲ ಎಂದುಕೊಂಡು ಕೈಹಿಡಿದು ಮನೆಗೆ ಕರೆತಂದು ಅಜ್ಜಿಗೆ ಒಪ್ಪಿಸಿಹೋದ.  ಮರುದಿನ ತಿಂಡಿ ಆದ ಮೇಲೆ ಅಜ್ಜಿ ನನ್ನ ಕೈಗೆ ಒಂದು ಕ್ರೋಶಾ ಕಡ್ಡಿ ಇಟ್ಟರು. ‘ನಿಮ್ಮ ಕೈ ಖಾಲಿ ಇದೆ, ಅದಕ್ಕೇ ಕಾಲು ಅಲೆಯುತ್ತೆ. ಈ ಕೈಗೆ ಒಂದು ಕೆಲಸ ಹಚ್ಚಿ ನಾನು ಹೊರಡ್ತೀನಿ. ಗುಂಡು ಹೆಣಿಗೆ ನಿಮಗೆ ಬಂದ ದಿನ ನನ್ನ ಪೆಟ್ಟಿಗೆ ಕಟ್ಟೋದು’ ಎಂದರು. ನಿನ್ನ ಮಾಮನಿಗೂ ಫೋನಿನಲ್ಲಿ ಅದನ್ನೇ ಹೇಳಿದರು. ಅಂದಿನಿಂದ ಅವನು ಪ್ರತಿ ವಾರ ‘ಭಾವಂಗೆ ಬಂತಾ?’ ಎಂದು ವಿಚಾರಿಸುತ್ತಿದ್ದ. ಹೆರಿಗೆಗೆ ಹೋದವರನ್ನು ವಿಚಾರಿಸುವ ಹಾಗೆ!

ಗುಂಡು ಹೆಣಿಗೆ ಏನೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ನಿಮ್ಮಮ್ಮನಿಗಂತೂ ಹೆಣಿಗೆಯೇ ಆಗುತ್ತಿರಲಿಲ್ಲ. ಅಜ್ಜಿ ಮದುವೆಯಲ್ಲಿ ಕೊಟ್ಟ ಕಡ್ಡಿಯಿಂದ ಅವಳು ಸಿಂಕಿನ ತೂತಿನ ಕೂದಲು ಎಳೆಯುತ್ತಿದ್ದಳು. ಅಜ್ಜಿ ಹೆಣೆಯುವ ದಿಂಬಿನ ಕವರು, ಚೀಲ, ಮಕ್ಕಳ ಹೊದಿಕೆಗಳ ಮೇಲೆ ಬಟಾಣಿ ಕಾಳು ಜೋಡಿಸಿದ ಹಾಗೆ ಉಬ್ಬು ಉಬ್ಬು ಇರುತ್ತದಲ್ಲ, ಅದೇ. ಉಲ್ಲನ್ ಅಂಗಡಿಯಾಕೆ ಬಾಬಲ್ ಅನ್ನುತ್ತಾಳೆ, ಅಜ್ಜಿಗೆ ಅದು ಗುಂಡು. ನೋಡಲು ಸುಲಭ. ಮಾಡಲು ಹೋದರೆ, ಒಂದೇ ತೂತಿನಲ್ಲಿ ಕಡ್ಡಿ ಹಾಕಿ ಐದು ಕಂಬ, ಅಂದರೆ ಉದ್ದ ಹೆಣಿಗೆ, ಎಬ್ಬಿಸಬೇಕು, ಒಂದನ್ನೂ ಮುಗಿಸಬಾರದು, ಪ್ರತಿಯೊಂದನ್ನೂ ಕೊನೇ ಗಳಿಗೆಯಲ್ಲಿ ಅರ್ಧಕ್ಕೇ ಬಿಡಬೇಕು. ಆಗ ಕಡ್ಡಿಯ ಮೇಲೆ ಆರು ಕುಣಿಕೆ ನಿಂತಿರುತ್ತವೆ. ಅಷ್ಟನ್ನೂ ದಾಟಿಸಿ ಎಳೆಯನ್ನು ಒಂದೇ ಎಳೆತಕ್ಕೆ ಹೊರಗೆ ತರಬೇಕು. ಆಮೇಲೆ ಪಕ್ಕದಲ್ಲಿ ಒಂದು ಗಿಡ್ಡ ಹೆಣಿಗೆ ಬಿಗಿಯಾಗಿ ಹಾಕಿದರೆ, ನಿಲ್ಲಲು ಜಾಗ ಇಲ್ಲದೆ ಐದೂ ಕಂಬ ಮಡಚಿಕೊಂಡು ಗುಂಡಾಗಿ ಉಬ್ಬುತ್ತವೆ. ಲಿಫ್ಟಿನ ಉಕ್ಕಿನ ಹಗ್ಗದ ಎಳೆಗಳನ್ನು ಬಿಡಿಸಿ ಹೊಸೆದ ಕೈ ನನ್ನದು. ಆದರೂ ಉಲ್ಲನ್ ನನ್ನನ್ನು ಕಣ್ಣೀರಲ್ಲಿ ಕೈತೊಳೆಸಿತು. ಐದು ಕುಣಿಕೆ ದಾಟಿ ಆರನೆಯದರಲ್ಲಿ ಕಡ್ಡಿಯ ಕೊಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಎಳೆದರೆ ಎಳೆ ಸೀಳುತ್ತಿತ್ತು. ಅಜ್ಜಿ ಎದುರು ಕುರ್ಚಿಯಲ್ಲಿ ಕೂತು, ‘ಅದು ಲಿಫ್ಟಲ್ಲ ಅಳಿಯಂದ್ರೇ, ಆ ಪಾಟಿ ಎಳೀಬೇಡಿ. ಮಗುವಿನ ಕಿವಿಯಿಂದ ಓಲೆ ತೆಗೆಯೋ ಹಾಗೆ ತೆಗೀರಿ’ ಎನ್ನುವರು. ನಾನು ಮಗುವಿನ ಕಿವಿಯ ಓಲೆ ತೆಗೆದಿದ್ದು ನಿನ್ನದೊಂದೇ. ಅವತ್ತು ನೀನು ಬೀದಿಯ ಕೊನೆವರೆಗೂ ಕೇಳಿಸುವಂತೆ ಅತ್ತಿದ್ದೆ.

ಕೆಲವು ವಾರಕ್ಕೆ ಎಳೆ ಆರೂ ಕುಣಿಕೆಗಳಿಂದ ಸರಾಗವಾಗಿ ಜಾರತೊಡಗಿತು. ಆದರೆ ಗುಂಡು ಮಾತ್ರ ಬರಲೊಲ್ಲದು. ಅಜ್ಜಿ ಹೇಳಿದ್ದನ್ನೆಲ್ಲ ಮಾಡಿ, ಬಿಗಿ ಮಾಡಿ, ಕಣ್ಣು ಹತ್ತಿರ ತಂದು ನೋಡಿದರೆ ಅಲ್ಲೊಂದು ಚಪ್ಪಟೆ ಗುಳಿ. ಗುಂಡು ಇರಬೇಕಾದ ಜಾಗದಲ್ಲಿ ಗುಳಿ! ಹಿಂದೆ ಹಿಡಿದುಕೊಂಡ ಎಡಗೈ ಬೆರಳಿಗೆ ಏನೋ ಗಂಟು ಗಂಟಾಗಿ ಸಿಕ್ಕುತ್ತಿತ್ತು. ನನ್ನ ಒರಟು ಕೆಲಸದ ಗಂಟು ಎಂದುಕೊಂಡೆ. ಸಾಲು ಮುಗಿಯಲು ನಾಲ್ಕಾರು ಹೆಣಿಗೆ ಉಳಿದಿರುವಾಗಲೇ ಅಜ್ಜಿ ಎದುರಿನಿಂದ ಕತ್ತು ಚಾಚಿ ನೋಡಿ, ‘ಊಹೂಂ. ಬಿಚ್ಚಿ’ ಎನ್ನುವರು. ಬಿಚ್ಚುತ್ತಿದ್ದೆ. ದಿನಾ ಅದೇ ಪಾಠ, ಅದೇ ‘ಊಹೂಂ’, ಅದೇ ಬಿಚ್ಚುವುದು. ಒಂದೇ ಉಂಡೆ ಬಿಚ್ಚಿ ಸುತ್ತಿ ಬಿಚ್ಚಿ ಸುತ್ತಿ ಉಲ್ಲನ್ನಿಗೆ ಮೀಸೆ ಮೂಡಿತು. ನಿಜ ಹೇಳುತ್ತೇನೆ, ಬಿಚ್ಚುವಾಗ ನನಗೆ ಒಳಗೊಳಗೇ ಹಾಯೆನಿಸುತ್ತಿತ್ತು. ಬರಲಿಲ್ಲ ಎಂದರೆ ಪೆಟ್ಟಿಗೆ ಅಟ್ಟದ ಮೇಲೇ ಇರುತ್ತದೆ.

ಒಂದು ದಿನ ಅಜ್ಜಿ ಯಾವ ಲಹರಿಯಲ್ಲಿದ್ದರೋ, ‘ಕೈ ಪಳಗ್ತಾ ಇದೆ’ ಎಂದುಬಿಟ್ಟರು.  ಅಂದಿನಿಂದ ನಾನು ಐದು ಕಂಬದ ಬದಲು ಮೂರೇ ಎಬ್ಬಿಸತೊಡಗಿದೆ. ಬೇಕೆಂತಲೇ. ತುಟಿ ಎಣಿಸುತ್ತಿರುವ ಹಾಗೆ ಐದು ಸಲ ಅಲ್ಲಾಡಿಸುವುದು, ಕಡ್ಡಿ ಮೂರು ಸಲ ಹಾಕುವುದು. ಇಂಗ್ಲಿಷಿನಲ್ಲಿ ಇಂಥದಕ್ಕೆ ‘ಡೆಲಿಬರೇಟ್’ ಎಂದು ಶುರುವಾಗುವ ಒಂದು ದೊಡ್ಡ ಮಾತಿತ್ತು, ಬಾಲ ಮರೆತಿದೆ. ಈ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಬೇಕೆಂದೇ ಫೇಲಾಗುವ ವಿದ್ಯಾರ್ಥಿ ಆದೆ ನೋಡು. ಅಜ್ಜಿಯೂ ಏನೂ ಗೊತ್ತಾಗದವರ ಹಾಗೆ ‘ಊಹೂಂ’ ಎನ್ನುತ್ತಲೇ ಇದ್ದರು. ಎಂಥಾ ಕೈಚಳಕ ನನ್ನದು ಎಂದು ಬೀಗುತ್ತಿದ್ದೆ.

ಆಗಲೇ ಹೋದ ವಾರ ನಿನ್ನ ಮಾಮನ ಫೋನ್ ಬಂತು. ಅವನ ತಾಳ್ಮೆಗೂ ಒಂದು ಮಿತಿ ಇದೆಯಲ್ಲ. ‘ಭಾವಂಗೆ ಬರ್ಲಿ ಬಿಡ್ಲಿ, ಮುಂದಿನ ಭಾನುವಾರ ಕಾರು ತರ್ತೀನಿ ಅಮ್ಮಾ. ನಿನ್ನ ಕೋಣೆ ಎಷ್ಟು ದಿನ ಖಾಲಿ ಇಡ್ಲಿ? ಇಲ್ಲಿಂದಾನೇ ಫೋನಲ್ಲಿ ಕಲಿಸು’ ಎಂದ. ಅಜ್ಜಿ ‘ಆಯ್ತಪ್ಪ’ ಎಂದು ಫೋನ್ ಇಟ್ಟರು. ಆ ‘ಆಯ್ತಪ್ಪ’ ಅವರ ದನಿಯಂತೆಯೇ ಇರಲಿಲ್ಲ. ನಾನು ಸ್ಟೂಲ್ ಹತ್ತಿ ಅಟ್ಟದಿಂದ ಪೆಟ್ಟಿಗೆ ಇಳಿಸಿ ಒರೆಸಿಕೊಟ್ಟೆ. ಒರೆಸುವಷ್ಟು ಹೊತ್ತೂ ಇಬ್ಬರೂ ಅದರ ಬೀಗದ ವಿಷಯವನ್ನೇ ಮಾತಾಡಿದೆವು. ಬೀಗ ಚೆನ್ನಾಗಿದೆ, ಎಣ್ಣೆ ಹಾಕಬೇಕು, ಬೀಗದ ಕೈ ಎಲ್ಲಿ, ಹೀಗೆ. ಆಮೇಲಿನ ದಿನಗಳಲ್ಲಿ ಅಜ್ಜಿ ನಿಧಾನವಾಗಿ ಸೀರೆ ಮಡಚಿ ಇಡುವುದು, ಮತ್ತೆ ಯಾವುದೋ ಒಂದು ಬೇಕೆಂದು ತೆಗೆಯುವುದು ಮಾಡುತ್ತಿದ್ದರು. ಪಾಠ ಮಾತ್ರ ನಿಲ್ಲಿಸಲಿಲ್ಲ.

ಈಗ ಮೊನ್ನೆಯ ಮಾತಿಗೆ ಬರುತ್ತೇನೆ. ಅಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಹೇಗೂ ಹೊರಟಿದ್ದಾರೆ, ನನ್ನ ನಾಟಕ ಇನ್ನು ಯಾವ ಸುಖಕ್ಕೆ? ಒಂದು ಸಾಲನ್ನಾದರೂ ಸರಿಯಾಗಿ ಹೆಣೆದು ತೋರಿಸಿ ಕಳಿಸೋಣ, ಕಲಿಸಿದವರಿಗೆ ಅಷ್ಟು ಮರ್ಯಾದೆ ಬೇಡವೇ ಎಂದು ಪ್ರಾಮಾಣಿಕವಾಗಿ ಐದೈದು ಕಂಬ ಎಬ್ಬಿಸುತ್ತ ಹೋದೆ. ಆದರೂ ಗುಳಿಯೇ. ಮೂರು ಹಾಕಿದರೂ ಗುಳಿ, ಐದು ಹಾಕಿದರೂ ಗುಳಿ. ಅಯ್ಯೋ, ನಾಟಕ ಆಡಿ ಆಡಿ ನಿಜವಾಗಿಯೂ ದಡ್ಡನಾದೆನಲ್ಲ ಎಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಬಚ್ಚಲಿಗೆ ಹೋದರು, ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಹೆಣಿಗೆಯನ್ನು ಹಿಡಿದಿದ್ದ ಹಾಗೆಯೇ ನನ್ನ ಕುರ್ಚಿಯ ಬೆನ್ನಿಗೆ ನೇತುಹಾಕಿ ಓಡಿದೆ. ಒಲೆ ಒರೆಸಿ, ಚಹಾ ಮಾಡಿ, ಎರಡು ಲೋಟ ಹಿಡಿದು ಹಿಂದೆ ಬಂದೆ. ಅಜ್ಜಿಯ ಲೋಟ ಅವರ ಕಡೆ ಇಡಲು ಮೇಜು ಸುತ್ತಿಕೊಂಡು ಅವರ ಕುರ್ಚಿಯ ಬಳಿ ನಿಂತು ತಲೆ ಎತ್ತಿದರೆ, ನನ್ನ ಕುರ್ಚಿಯ ಬೆನ್ನ ಮೇಲೆ ಸಾಲಾಗಿ ಗುಂಡುಗಳು! ಒಂದರ ಪಕ್ಕ ಒಂದು, ತುಂಬಿಕೊಂಡು, ಎಲ್ಲ ಒಂದೇ ಅಳತೆ. ನಾನು ಹೆಣೆದದ್ದೇ. ಆ ಹಾಳು ಗುಂಡು ಹೆಣೆಯುವವನ ಕಡೆಗೆ ಬರುವುದೇ ಇಲ್ಲವಮ್ಮ, ಹೆಣೆಯುವಾಗ ಅದು ಆಚೆ ಬದಿಗೆ ಉಬ್ಬುತ್ತದೆ. ಸಾಲು ಮುಗಿಸಿ ಹೊರಳಿಸಿದರೆ ತಾನೇ ಕಾಣುತ್ತದೆ. ಮೊದಲ ವಾರಗಳಿಂದ ನಾನು ಹಾಕಿದ್ದೆಲ್ಲ ಗುಂಡೇ, ಬೆರಳಿಗೆ ಸಿಕ್ಕ ಗಂಟೆಲ್ಲ ಗುಂಡೇ. ಲಿಫ್ಟನ್ನು ಮೇಲಿನಿಂದಲೂ ಕೆಳಗಿನಿಂದಲೂ ನೋಡದೆ ಸಹಿ ಹಾಕದ ಮನುಷ್ಯ ನಾನು, ಅಂಗೈ ಅಗಲದ ಹೆಣಿಗೆಯನ್ನು ಒಂದು ಸಲ ಮಗುಚಿ ನೋಡಲಿಲ್ಲ.

ಚಹಾ ಲೋಟ ಕೈಯಲ್ಲೇ ಇತ್ತು. ಹಾಗೇ ಅಜ್ಜಿಯ ಕುರ್ಚಿಯಲ್ಲಿ ಕೂತುಬಿಟ್ಟೆ. ಆಮೇಲೆ ನಿಧಾನವಾಗಿ ಬುದ್ಧಿಗೆ ಹೊಳೆಯಿತು. ಇಷ್ಟು ತಿಂಗಳು ಈ ಕುರ್ಚಿಯಲ್ಲಿ ಕೂತವರಿಗೆ ಇದು ಕಾಣದೇ ಇರುತ್ತದೆಯೇ? ನಾನು ಕೈತಪ್ಪಿ ಹೊರಳಿಸಿಬಿಟ್ಟೇನೆಂದು ಸಾಲು ಮುಗಿಯುವ ಮೊದಲೇ ‘ಬಿಚ್ಚಿ’ ಎನ್ನುತ್ತಿದ್ದರು! ಅವರಿಗೂ ಹೋಗಲು ಮನಸ್ಸಿರಲಿಲ್ಲ. ಅಷ್ಟು ಹೊಳೆದದ್ದೇ ತಡ, ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. ಒಬ್ಬನೇ ನಗುತ್ತಿದ್ದೆನಂತೆ. ಬಚ್ಚಲಿನಿಂದ ಬಂದ ಅಜ್ಜಿ ಬಾಗಿಲಲ್ಲೇ ನಿಂತರು. ‘ಅದು ನನ್ನ ಕುರ್ಚಿ’ ಎಂದರು. ‘ಇಲ್ಲಿಂದ ಚೆನ್ನಾಗಿ ಕಾಣ್ಸುತ್ತೆ ಅತ್ತೆ’ ಎಂದೆ. ಅವರು ನನ್ನ ಕುರ್ಚಿಯ ಬೆನ್ನು ನೋಡಿದರು, ನನ್ನನ್ನು ನೋಡಿದರು, ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಕಿವಿಯವರೆಗೂ ಕೆಂಪಾದರು. ಆದರೆ ಸೋಲುವ ಪೈಕಿಯೇ ಅವರು? ಮರುಗಳಿಗೆಯಲ್ಲೇ ನನ್ನ ಮೇಲೆ ತಿರುಗಿಬಿದ್ದರು. ‘ನೀವೇನು ಸಾಚಾನಾ? ಬಟಾಣಿ ಗಾತ್ರ ಬರ್ತಿದ್ದಿದ್ದು ಇದ್ದಕ್ಕಿದ್ದ ಹಾಗೆ ಸಾಸಿವೆ ಆಯ್ತು. ಐದಕ್ಕೆ ಮೂರು ಹಾಕಿದ್ರೆ ನಂಗೆ ಕಾಣ್ಸಲ್ವಾ? ತುಟಿ ಬೇರೆ ಅಲ್ಲಾಡಿಸೋದು!’ ಎಂದು ಉಗಿದರು. ಆ ಬೈಗುಳ ಕೇಳಿ ಎಷ್ಟು ಹಿತವಾಯಿತೆಂದರೆ, ಇನ್ನೊಂದು ಸ್ವಲ್ಪ ಬೈಯಿರಿ ಎಂದು ಕೇಳಬೇಕೆನಿಸಿತು.

ಆರಿದ ಚಹಾ ಕುಡಿದೆವು. ಅಜ್ಜಿ ಬಹಳ ಹೊತ್ತು ಆ ಗುಂಡುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ‘ಮಗನ ಮನೆ ಇರೋವಾಗ ಅಳಿಯನ ಮನೇಲಿ ಇರ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಅವನು ಮನಸ್ಸಿಗೆ ಹಚ್ಕೊಳ್ತಾನೆ. ಹಿಡಿಕೆ ಬೇರೆ ಹಾಕ್ಸಿದಾನೆ’ ಎಂದರು.  ಈ ಮಗಳಿಲ್ಲದ ಮನೆಯಲ್ಲಿ ಅವರಿಗೆ ಏನು ಹಿಡಿಸಿತು ಎಂದು ನಾನು ಕೇಳಲಿಲ್ಲ. ಅವರೇ ಅರ್ಧ ಹೇಳಿದರು. ಅಲ್ಲಿ ಹೋದರೆ ಎಲ್ಲರೂ ಅವಳ ಹೆಸರು ಎತ್ತದೆ ಹುಷಾರಾಗಿ ಮಾತಾಡುತ್ತಾರಂತೆ, ಎಲ್ಲಿ ಅಮ್ಮ ಅತ್ತುಬಿಡುತ್ತಾಳೋ ಎಂದು. ‘ಇಲ್ಲಿ ನೀವು ದಿನಾ ಅವಳನ್ನ ಬೈತೀರಿ, ಸ್ಕ್ರೂಡ್ರೈವರ್ ಎಲ್ಲಿಟ್ಟು ಹೋದಳೋ ಅಂತ. ಅದು ಕೇಳ್ತಿದ್ರೆ ನಂಗೆ ಸಮಾಧಾನ’ ಎಂದರು. ನಾನು ಹಾಗೆ ಬೈಯುತ್ತೇನೆಂದು ನನಗೇ ಗೊತ್ತಿರಲಿಲ್ಲ.

ನಿನ್ನೆ ಇಡೀ ದಿನ ಭಾನುವಾರಕ್ಕೆ ಏನು ಮಾಡುವುದೆಂದು ಇಬ್ಬರೂ ಯೋಚಿಸಿದೆವು. ನಾನು ಮಾತಾಡುತ್ತೇನೆಂದರೆ ಅವರು ಬೇಡ ಎನ್ನುತ್ತಾರೆ, ಅವರೇ ಮಾತಾಡಲಿ ಎಂದರೆ ಗಂಟಲು ಸರಿಯಿಲ್ಲ ಎನ್ನುತ್ತಾರೆ. ಪೆಟ್ಟಿಗೆ ತೆರೆದೇ ಇದೆ. ಹಾಗಾಗಿ ನಿನ್ನ ಪ್ರಶ್ನೆಗೆ ಈ ಕ್ಷಣದ ಉತ್ತರ: ಅಜ್ಜಿಗೆ ಇಲ್ಲೇ ಇರುವ ಮನಸ್ಸಿದೆ, ನನಗೆ ಅವರು ಇರಲಿ ಎಂದಿದೆ, ಹೇಳುವ ಧೈರ್ಯ ಇಬ್ಬರಿಗೂ ಇಲ್ಲ. ಆದರೂ ಮೊನ್ನೆಯಿಂದ ನಿದ್ದೆ ಚೆನ್ನಾಗಿ ಬರುತ್ತಿದೆ. ಬಚ್ಚಲಿನ ಚಿಲಕದ ಸದ್ದಾಯಿತು, ಮುಗಿಸುತ್ತೇನೆ. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವಾಗ ಒಂದು ಕೈ ಗೋಡೆಯ ಮೇಲಿರಲಿ. ನೀನು ಅಳೆಯುವ ದಾರಿಯೆಲ್ಲ ನೆಟ್ಟಗಾಗಲಿ, ನಿನ್ನ ಮೈಕೈ ಗಟ್ಟಿಯಾಗಿರಲಿ.

ಯುವರ್ಸ್ ಅಫೆಕ್ಷನೇಟ್ಲಿ, ಅಂದರೆ
ನಿನ್ನ ಅಪ್ಪ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಬೇಕು, ಅಷ್ಟರಲ್ಲಿ ಮಾಮನ ಫೋನ್ ಬಂತು. ಭಾನುವಾರ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಒದ್ದೆ ಕೈಯಲ್ಲೇ ಫೋನ್ ಕಸಿದುಕೊಂಡು, ‘ಬರಬೇಡ ಕಣೋ, ಕೈಗೆ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ನಾನು ಬರೋಳಲ್ಲ. ನಿಮ್ಮ ಭಾವಂಗೆ ಇನ್ನೂ ಒಂದು ಗುಂಡೂ ಬಂದಿಲ್ಲ. ಅದು ಕೈಯಲ್ಲ, ಸೌಟು! ಬೇಸಿಗೆಗೆ ನಾನೇ ಬಂದು ನಿನ್ನ ಹಿಡಿಕೆ ಹಿಡ್ಕೊಂಡು ಹದಿನೈದು ದಿನ ಇದ್ದು ಬರ್ತೀನಿ’ ಎಂದು ಒಂದೇ ಉಸಿರಿಗೆ ಹೇಳಿದರು. ಅವನು ಆ ಕಡೆ ಹೊಟ್ಟೆ ಹಿಡಿದು ನಕ್ಕಿದ್ದು ನನಗೂ ಕೇಳಿಸಿತು. ‘ಪಾಪ ಭಾವ’ ಎಂದ. ಒಪ್ಪಿಕೊಂಡ. ಪೆಟ್ಟಿಗೆ ಅಟ್ಟಕ್ಕೆ ಹತ್ತಿಸಿ ಈಗ ತಾನೇ ಇಳಿದೆ. ನಿನ್ನಿಂದ ಒಂದೇ ಉಪಕಾರ ಆಗಬೇಕು. ಇದರ ಜೊತೆ, ಮೊನ್ನೆಯಿಂದ ಕೂತು ಮುಗಿಸಿದ ಒಂದು ಟೋಪಿ ಕಳಿಸುತ್ತಿದ್ದೇನೆ, ಅಲ್ಲಿ ಚಳಿ ಎಂದು ಬರೆದಿದ್ದೆಯಲ್ಲ. ಮೇಲೆಲ್ಲ ಗುಂಡು ಇದೆ, ಪ್ರತಿಯೊಂದಕ್ಕೂ ಐದೈದು ಕಂಬ. ಮಾಮ ನೋಡಿ ಕೇಳಿದರೆ ಅಜ್ಜಿ ಹೆಣೆದದ್ದು ಅನ್ನು.